ಕಚೇರಿ ಡೇಟಾ ಕ್ಲೌಡ್‌ಗೆ: ಹಾಕುವ ಮುನ್ನ, ಹಾಕುವಾಗ, ಹೊರತೆಗೆಯುವಾಗ ಪಾಲಿಸಬೇಕಾದ ಸರ್ಕಾರಿ ಮಾನದಂಡಗಳು

ಕಲಬುರಗಿ, ಬೀದರ್, ಯಾದಗಿರಿ ಭಾಗದ ಕಚೇರಿ, ಕಾಲೇಜು, ಸಹಕಾರ ಸಂಘಗಳು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರ್‌ಗಳಿಗೆ, ಹೋಗುವಾಗ ಎಡವುವ ಜಾಗ ಹೆಚ್ಚುಕಡಿಮೆ ಒಂದೇ. "ಕಂಪನಿ ಕೇಂದ್ರ ಸರ್ಕಾರದ ಮಾನ್ಯತೆಯ ಪಟ್ಟಿಯಲ್ಲಿದೆ" ಎಂಬ ಒಂದು ಸಾಲಿನ ಮೇಲೆ ಕಾರ್ಯಾದೇಶ ಹೊರಡುತ್ತದೆ. ಗುತ್ತಿಗೆ ಮುಗಿಯುವ ತಿಂಗಳಲ್ಲಿ ಡೇಟಾ ವಾಪಸ್ ಕೇಳಿದಾಗ ಅದು ಯಾವ ರೂಪದಲ್ಲಿ ಬರಬೇಕು, ಯಾರು ಕೊಡಬೇಕು, ಖರ್ಚು ಯಾರದು ಎಂಬುದು ಎಲ್ಲೂ ಬರೆದಿರುವುದಿಲ್ಲ. ಆದ್ದರಿಂದ ಇಲ್ಲಿ ಕ್ರಮವನ್ನೇ ತಿರುಗಿಸಿದ್ದೇವೆ: ಡೇಟಾ ಹೊರತೆಗೆಯುವ ದಾರಿ ಮೊದಲು, ಕಂಪನಿ ಆಯ್ಕೆ ಆಮೇಲೆ.

ಸರ್ಕಾರಿ ಕಚೇರಿಗಳು ಇಲ್ಲಿ ಬರುವ ಸರ್ಕಾರಿ ಮಾನದಂಡಗಳನ್ನು ಪಾಲಿಸಲೇಬೇಕು. ಖಾಸಗಿ ಕಾಲೇಜು, ಸಂಘಗಳಿಗೆ ಪಟ್ಟಿಯಲ್ಲಿರುವ ಕಂಪನಿಯೇ ಆಗಬೇಕೆಂಬ ಕಡ್ಡಾಯವಿಲ್ಲ, ಆದರೂ ಇದೇ ಕ್ರಮ ಹಿಡಿದರೆ ನಷ್ಟವಿಲ್ಲ. ಸಹಕಾರಿ ಬ್ಯಾಂಕ್‌ಗಳು ಇದರ ಜೊತೆಗೆ ತಮ್ಮ ನಿಯಂತ್ರಕರ ಸೂಚನೆಗಳನ್ನೂ ನೋಡಿಕೊಳ್ಳಬೇಕು.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

- ಈಗಿನ ಸರ್ವರ್‌ನ ಅಡ್ಮಿನ್ ಪಾಸ್‌ವರ್ಡ್ ಮತ್ತು ತಂತ್ರಾಂಶದ ಮೂಲ ಕೋಡ್. ಕೋಡ್ ಇಲ್ಲದಿದ್ದರೆ ಅದನ್ನು ಮಾಡಿಕೊಟ್ಟವರೊಂದಿಗಿನ ಒಪ್ಪಂದದ ಪ್ರತಿ.
- ಡೇಟಾಬೇಸ್ ಗಾತ್ರದ ಎರಡರಷ್ಟು ಜಾಗವಿರುವ ಹಾರ್ಡ್ ಡಿಸ್ಕ್ ಎರಡು. ಒಂದು ಕಚೇರಿಯಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ.
- 16 ಜಿಬಿ ರ‍್ಯಾಮ್ ಇರುವ ಒಂದು ಸಾಮಾನ್ಯ ಕಂಪ್ಯೂಟರ್. ಹೊರತಂದ ಡೇಟಾ ಬೇರೆಡೆ ತೆರೆಯುತ್ತದೆಯೇ ಎಂದು ಪರೀಕ್ಷಿಸಲು ಇದು ಸಾಕು.
- ಹುದ್ದೆಯ ಹೆಸರಿನ ಸರ್ಕಾರಿ ಇ-ಮೇಲ್ ಮತ್ತು ಕಚೇರಿಯ ಹೆಸರಿನಲ್ಲಿ ಪಡೆದ ಸಿಮ್ ಕಾರ್ಡ್. ಯಾರ ಸ್ವಂತ ನಂಬರೂ ಬೇಡ. ಕಾರಣ ಹಂತ 6ರಲ್ಲಿದೆ.

## ಹಂತ 1: ಏನಿದೆ ಎಂದು ಎಣಿಸಿ

ಒಂದು ಎಕ್ಸೆಲ್ ಹಾಳೆ ತೆರೆದು ಪ್ರತಿ ತಂತ್ರಾಂಶಕ್ಕೂ ಒಂದು ಸಾಲು ಕೊಡಿ. ಕಾಲಂಗಳು: ಹೆಸರು, ಡೇಟಾಬೇಸ್ ಯಾವುದು ಮತ್ತು ಅದರ ಆವೃತ್ತಿ, ಈಗಿನ ಗಾತ್ರ, ತಿಂಗಳಿಗೆ ಬೆಳೆಯುವ ಗಾತ್ರ, ಜನರ ವೈಯಕ್ತಿಕ ಮಾಹಿತಿ ಇದೆಯೇ, ಯಾವ ತಿಂಗಳು ಒತ್ತಡ ಹೆಚ್ಚು, ಹೊಣೆ ಯಾವ ಹುದ್ದೆಯದು.

ಇನ್ನೆರಡು ಕಾಲಂ ಮರೆಯಬೇಡಿ. ಒಂದು, ವ್ಯವಸ್ಥೆ ಎಷ್ಟು ಗಂಟೆ ನಿಂತರೆ ತಡೆದುಕೊಳ್ಳಬಹುದು. ಎರಡು, ಎಷ್ಟು ಹೊತ್ತಿನ ನಮೂದು ಅಳಿಸಿಹೋದರೆ ಕಾಗದ ನೋಡಿ ಮತ್ತೆ ತುಂಬಬಹುದು. ಮೊದಲನೆಯದು ಟೆಂಡರ್ ಭಾಷೆಯಲ್ಲಿ ಆರ್‌ಟಿಒ, ಎರಡನೆಯದು ಆರ್‌ಪಿಒ. ಇಲ್ಲಿ ಒಬ್ಬರೇ ಕುಳಿತು ಅಂದಾಜಿನಲ್ಲಿ ಬರೆಯುವುದೇ ಹೆಚ್ಚು. ನಿತ್ಯ ಟೇಬಲ್ ಮೇಲೆ ಕೆಲಸ ಮಾಡುವ ಕೇಸ್ ವರ್ಕರ್‌ಗಳನ್ನು ಕೇಳಿ ಬರೆಯಿರಿ. ತೊಗರಿ ಖರೀದಿ ನೋಂದಣಿ ನಡೆಸುವ ಸಂಘಕ್ಕೆ ಜುಲೈನಲ್ಲಿ ಒಂದು ದಿನ ನಿಂತರೂ ನಡೆಯುತ್ತದೆ, ಹಂಗಾಮಿನಲ್ಲಿ ಒಂದು ಗಂಟೆ ನಿಂತರೆ ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ಎರಡಕ್ಕೂ ಒಂದೇ ಅಂಕಿ ಬರೆದರೆ ಒಂದೋ ದುಡ್ಡು ದಂಡ, ಇಲ್ಲವೇ ಕೆಲಸ ಕೆಟ್ಟಂತೆ.

## ಹಂತ 2: ಕನ್ನಡ ಡೇಟಾ ಸರಿಮಾಡಿ

ಸರ್ಕಾರಿ ಮಾರ್ಗಸೂಚಿಗಳು "ಇಂಟರ್‌ಆಪರೇಬಿಲಿಟಿ" ಎಂದು ಪದೇಪದೇ ಹೇಳುತ್ತವೆ. ಒಂದು ವ್ಯವಸ್ಥೆಯ ಡೇಟಾ ಇನ್ನೊಂದರಲ್ಲಿ ಅರ್ಥ ಕೆಡದೆ ಓದಿಸಿಕೊಳ್ಳಬೇಕು ಎಂಬುದೇ ಇದರ ತಿರುಳು. ನಮ್ಮ ಭಾಗದ ಕಚೇರಿಗಳಲ್ಲಿ ಇದು ಮುರಿಯುವುದು ಕ್ಲೌಡ್‌ನಿಂದಲ್ಲ, ಹಳೆಯ ಫಾಂಟ್‌ನಿಂದ. ಹೀಗಾಗಿ ಈ ಹಂತಕ್ಕೆ ಸಮಯ ಧಾರಾಳವಾಗಿ ಕೊಡಿ.

ನುಡಿ, ಬರಹದ ಹಳೆಯ ಕಡತಗಳು. ಯೂನಿಕೋಡ್ (ಎಲ್ಲ ಯಂತ್ರಗಳೂ ಓದುವ ಸಾಮಾನ್ಯ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿ ಟೈಪಿಸಿದ ಹೆಸರುಗಳು ಆ ಫಾಂಟ್ ಇರುವ ಯಂತ್ರದಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತವೆ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸರಣಿ. ಫಾಂಟ್ ಬದಲಿಸಿ ನೋಡಿ: ಅಕ್ಷರ ಕಲಸಿಹೋದರೆ ಅದು ಹಳೆಯ ಸಂಕೇತ. ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಂದು, ಪ್ರತಿ ಕಡತದಿಂದ ನೂರು ಸಾಲು ಆಯ್ದು ಮೂಲ ಕಾಗದದೊಂದಿಗೆ ಹೋಲಿಸಿ. ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನೇ ಹುಡುಕಿ ಆರಿಸಿ, ತಪ್ಪು ಸಿಗುವುದು ಅಲ್ಲೇ.

ಕಾಲಂ ಉದ್ದ. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು, ಸ್ವರಚಿಹ್ನೆಯೂ ಪ್ರತ್ಯೇಕ ಲೆಕ್ಕ. "ಕಲಬುರಗಿ" ಎಂಬುದರಲ್ಲಿ 7 ಚಿಹ್ನೆಗಳಿವೆ, ಅಂದರೆ 21 ಬೈಟ್. ಉದ್ದವನ್ನು ಬೈಟ್‌ನಲ್ಲಿ ಅಳೆಯುವ ಡೇಟಾಬೇಸ್‌ನಲ್ಲಿ 20ರ ಮಿತಿ ಇಟ್ಟಿದ್ದರೆ ನಮ್ಮ ಜಿಲ್ಲೆಯ ಹೆಸರೇ ಹಿಡಿಯುವುದಿಲ್ಲ. ಕೆಲವು ಡೇಟಾಬೇಸ್ ದೋಷ ತೋರಿಸಿ ನಿಲ್ಲುತ್ತವೆ, ಕೆಲವು ಸದ್ದಿಲ್ಲದೆ ಬಾಲ ಕತ್ತರಿಸುತ್ತವೆ. ಎರಡನೆಯದೇ ಅಪಾಯ.

ಕಣ್ಣಿಗೆ ಕಾಣದ ಚಿಹ್ನೆ. "ರ‍್ಯಾಂಕ್" ಎಂಬಂಥ ಪದದ ನಡುವೆ ಜೋಡಿಸುವ ಅದೃಶ್ಯ ಚಿಹ್ನೆಯೊಂದು ಇರುತ್ತದೆ. ಕೆಲವು ವೆಬ್ ಫಾರಂಗಳು ಅದನ್ನು ಕಸವೆಂದು ತೆಗೆದುಹಾಕುತ್ತವೆ. ಆಗ ಹಳೆಯ ನಮೂದು, ಹೊಸ ನಮೂದು ಹುಡುಕಾಟದಲ್ಲಿ ತಾಳೆಯಾಗುವುದಿಲ್ಲ. ಪರೀಕ್ಷಾ ಪಟ್ಟಿಯಲ್ಲಿ ಇಂಥ ನಾಲ್ಕಾರು ಪದ ಸೇರಿಸಿ. ಬೀದರ್, ಕಲಬುರಗಿ ಕಡತಗಳಲ್ಲಿ ಉರ್ದು, ಮರಾಠಿ ಹೆಸರುಗಳಿದ್ದರೆ ಅವನ್ನೂ ಸೇರಿಸಿ.

ಊರಿನ ಹೆಸರು. ಗುಲಬರ್ಗಾ, ಗುಲ್ಬರ್ಗ, ಕಲಬುರ್ಗಿ, ಕಲಬುರಗಿ: ಒಂದೇ ಊರು, ಡೇಟಾಬೇಸ್‌ಗೆ ನಾಲ್ಕು. ಅಧಿಕೃತ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. 2009ಕ್ಕಿಂತ ಹಿಂದಿನ ಕಡತಗಳಲ್ಲಿ ಶಹಾಪುರ, ಸುರಪುರ ಎರಡೂ ಗುಲಬರ್ಗಾ ಜಿಲ್ಲೆಯವು. ಆಮೇಲೆ ಕಾಳಗಿ, ಕಮಲಾಪುರ, ಯಡ್ರಾಮಿ, ಹುಣಸಗಿ, ವಡಗೇರಾ, ಹುಲಸೂರು ಹೊಸ ತಾಲ್ಲೂಕುಗಳಾದವು. ಹೆಸರನ್ನು ಗುರುತಾಗಿ ಬಳಸಬೇಡಿ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಡೈರೆಕ್ಟರಿ, ಅಂದರೆ ಎಲ್‌ಜಿಡಿ, ಕೊಡುವ ಸಂಖ್ಯೆಯನ್ನು ಪ್ರತಿ ಗ್ರಾಮ, ತಾಲ್ಲೂಕಿಗೆ ಜೋಡಿಸಿ. ಹಳೆಯ ಹೆಸರನ್ನು ಅಳಿಸದೆ ಬೇರೆ ಕಾಲಂನಲ್ಲಿ ಉಳಿಸಿ, ಹಳೆಯ ದಾಖಲೆ ಕೇಳಿಕೊಂಡು ಬರುವವರು ಹೇಳುವುದು ಆ ಹೆಸರನ್ನೇ.

## ಹಂತ 3: ಹೊರಬರುವ ಯೋಜನೆ ಬರೆಯಿರಿ

ಕಂಪನಿ ಇನ್ನೂ ಆಯ್ಕೆಯಾಗಿಲ್ಲ, ಇದನ್ನು ಬರೆಯಲು ಸರಿಯಾದ ಹೊತ್ತು ಅದೇ. ಕ್ಲೌಡ್‌ಗಳ ನಡುವಿನ ಹೊಂದಾಣಿಕೆ ಮತ್ತು ಸ್ಥಳಾಂತರಕ್ಕೆ ಐಎಸ್‌ಒ/ಐಇಸಿ 19941 ಎಂಬ ಮಾನದಂಡವಿದೆ (2017). ಅದು ಹೊಂದಾಣಿಕೆಯನ್ನು ಐದು ಮುಖಗಳಲ್ಲಿ ನೋಡುತ್ತದೆ. ಅವನ್ನೇ ಐದು ಪ್ರಶ್ನೆಗಳನ್ನಾಗಿ ಮಾಡಿಕೊಳ್ಳಿ:

1. ಸಾಗಣೆ: ಡೇಟಾ ಯಾವ ದಾರಿಯಲ್ಲಿ ಹೊರಬರುತ್ತದೆ? ನೆಟ್‌ವರ್ಕ್ ಮೂಲಕವೋ, ಡಿಸ್ಕ್ ಕಳಿಸುತ್ತಾರೋ?
2. ರೂಪ: ಸಿಎಸ್‌ವಿ, ಎಕ್ಸ್‌ಎಂಎಲ್, ಜೇಸನ್, ಎಸ್‌ಕ್ಯೂಎಲ್ ಡಂಪ್, ಇವುಗಳಲ್ಲಿ ಯಾವುದು?
3. ಅರ್ಥ: ಕಾಲಂಗಳ ವಿವರಣೆ ಮತ್ತು ಕೋಡ್ ಪಟ್ಟಿ ಜೊತೆಗೆ ಬರುತ್ತದೆಯೇ?
4. ವರ್ತನೆ: ಬೇರೆಡೆ ಕೂರಿಸಿದಾಗ ತಂತ್ರಾಂಶ ಹಾಗೆಯೇ ಓಡುತ್ತದೆಯೇ, ಆ ಕಂಪನಿಯ ಸೇವೆಗೆ ಅಂಟಿಕೊಂಡಿದೆಯೇ?
5. ನೀತಿ: ಡೇಟಾ ಸಾಗಿಸಲು ಕಾನೂನು, ಪರವಾನಗಿ, ಒಪ್ಪಂದದ ಅಡ್ಡಿ ಇದೆಯೇ?

ನಾಲ್ಕನೆಯದರಲ್ಲಿ ಸಿಕ್ಕಿಬೀಳುವವರೇ ಹೆಚ್ಚು. ಕಂಪನಿಯದೇ ಆದ ಡೇಟಾಬೇಸ್, ಲಾಗಿನ್ ವ್ಯವಸ್ಥೆ ಬಳಸಿದರೆ ಮೊದಲ ವರ್ಷ ಕೆಲಸ ಸಲೀಸು, ಮೂರನೇ ವರ್ಷ ಬಿಡಿಸಿಕೊಳ್ಳಲಾಗದು. ಜಿಲ್ಲಾ ಮಟ್ಟದ ಕೆಲಸಕ್ಕೆ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಅಥವಾ ಮೈಎಸ್‌ಕ್ಯೂಎಲ್, ಓಸಿಐ ಮಾದರಿಯ ಕಂಟೇನರ್ (ತಂತ್ರಾಂಶವನ್ನು ಎಲ್ಲಿ ಬೇಕಾದರೂ ಓಡುವಂತೆ ಕಟ್ಟಿಡುವ ಮುಕ್ತ ಮಾದರಿ), ಕಡತಗಳಿಗೆ ಎಸ್3 ಎಪಿಐಗೆ (ಹಲವು ಕಂಪನಿಗಳು ಒಪ್ಪುವ ಕಡತ ಸಂಗ್ರಹದ ಸಂಪರ್ಕ ವಿಧಾನ) ಹೊಂದುವ ಸಂಗ್ರಹ, ಇಷ್ಟು ಸಾಕು. ಇ-ಆಡಳಿತದಲ್ಲಿ ಮುಕ್ತ ಮಾನದಂಡ ಬಳಸಬೇಕೆಂಬ ಕೇಂದ್ರದ ನೀತಿ 2010ರಿಂದಲೇ ಇದೆ, ಮುಕ್ತ ಎಪಿಐ (ತಂತ್ರಾಂಶಗಳು ಪರಸ್ಪರ ಮಾತಾಡುವ ವಿಧಾನ) ನೀತಿ 2015ರದು. ಟಿಪ್ಪಣಿಯಲ್ಲಿ ಆಕ್ಷೇಪ ಬಂದರೆ ಇವೆರಡನ್ನೂ ಉಲ್ಲೇಖಿಸಿ.

## ಹಂತ 4: ಕಂಪನಿಯ ಪ್ರಮಾಣಪತ್ರ ತೆರೆದು ಓದಿ

ಮೇಘರಾಜ್ ಎಂಬ ಸರ್ಕಾರಿ ಕ್ಲೌಡ್ ಯೋಜನೆಯಡಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ (ಮೈಟಿ) ಕ್ಲೌಡ್ ಕಂಪನಿಗಳನ್ನು ಎಂಪ್ಯಾನಲ್ ಮಾಡುತ್ತದೆ, ಅಂದರೆ ಮಾನ್ಯತೆ ಕೊಟ್ಟು ಪಟ್ಟಿಗೆ ಸೇರಿಸುತ್ತದೆ. ಅವುಗಳ ಭದ್ರತೆ, ಗುಣಮಟ್ಟದ ಪರಿಶೋಧನೆ ಅದೇ ಸಚಿವಾಲಯದ ಪರೀಕ್ಷಾ ಸಂಸ್ಥೆ ಎಸ್‌ಟಿಕ್ಯೂಸಿಯದು. ಇಡೀ ಕಂಪನಿಗೆ ಒಟ್ಟಾರೆ ಸಿಗುವ ಮಾನ್ಯತೆ ಇದಲ್ಲ. ಇಂಥ ಡೇಟಾ ಸೆಂಟರ್, ಇಂಥ ಮಾದರಿ, ಇಂಥ ಸೇವೆ, ಇಂಥ ದಿನದವರೆಗೆ ಎಂದು ಸಿಗುತ್ತದೆ. ಮಾದರಿಗಳು ಪಬ್ಲಿಕ್ ಕ್ಲೌಡ್ (ಎಲ್ಲ ಗ್ರಾಹಕರಿಗೂ ಸೇರಿ), ವರ್ಚುವಲ್ ಪ್ರೈವೇಟ್ ಕ್ಲೌಡ್ (ಅದರಲ್ಲೇ ನಿಮಗೆ ಬೇರ್ಪಡಿಸಿದ ಭಾಗ), ಸರ್ಕಾರಿ ಸಮುದಾಯ ಕ್ಲೌಡ್ (ಸರ್ಕಾರಿ ಸಂಸ್ಥೆಗಳಿಗೆ ಮಾತ್ರ). ಪರಿಶೀಲನೆ ಈ ಕ್ರಮದಲ್ಲಿರಲಿ:

1. ಮೈಟಿ ಜಾಲತಾಣದಿಂದ ಪಟ್ಟಿಯನ್ನು ನೀವೇ ಇಳಿಸಿಕೊಳ್ಳಿ. ಬಿಡ್‌ದಾರರು ಕೊಟ್ಟ ಜೆರಾಕ್ಸ್ ಒಪ್ಪಬೇಡಿ.
2. ನಿಮಗೆ ಬೇಕಾದ ಮಾದರಿ ಮತ್ತು ಡೇಟಾ ಸೆಂಟರ್‌ನ ಊರು ಆ ಸಾಲಿನಲ್ಲೇ ಇದೆಯೇ ನೋಡಿ.
3. ಮಾನ್ಯತೆಯ ಅವಧಿ ಕಾರ್ಯಾದೇಶದ ದಿನ ಮುಗಿದಿರಬಾರದು. ಗುತ್ತಿಗೆ ಪೂರ್ತಿ ನವೀಕರಿಸುತ್ತಿರಬೇಕು ಎಂಬ ಷರತ್ತು ಹಾಕಿ.
4. ಮಾಹಿತಿ ಭದ್ರತೆಯ ಐಎಸ್‌ಒ 27001 ಪತ್ರದಲ್ಲಿ ವರ್ಷ ನೋಡಿ. 2013ರ ಆವೃತ್ತಿಯಿಂದ ಬದಲಾಯಿಸಿಕೊಳ್ಳುವ ಗಡುವು 2025ರ ಅಕ್ಟೋಬರ್ 31ಕ್ಕೆ ಮುಗಿದಿದೆ, ಈಗ 2022ರದ್ದೇ ಆಗಬೇಕು.
5. ಕ್ಲೌಡ್ ಭದ್ರತೆಗೆ 27017, ಕ್ಲೌಡ್‌ನಲ್ಲಿನ ವೈಯಕ್ತಿಕ ಮಾಹಿತಿಗೆ 27018 ಕೇಳಿ.
6. ಪ್ರತಿ ಪತ್ರದಲ್ಲೂ ವ್ಯಾಪ್ತಿ ಎಂಬ ಸಾಲು ಓದಿ. ಅಲ್ಲಿ ಮಾರಾಟ ಕಚೇರಿಯ ವಿಳಾಸವಷ್ಟೇ ಇದ್ದರೆ ಆ ಪತ್ರ ನಿಮ್ಮ ಕೆಲಸಕ್ಕಲ್ಲ.

ಎಚ್ಚರಿಕೆಯ ಗುರುತು: ನಿಮ್ಮೊಂದಿಗೆ ಮಾತಾಡುತ್ತಿರುವವರು ಸಾಮಾನ್ಯವಾಗಿ ಕ್ಲೌಡ್ ಕಂಪನಿಯವರಲ್ಲ, ನಡುವಿನ ಸೇವಾದಾರರು. ಅವರ ಐಎಸ್‌ಒ ಪತ್ರ ಅವರ ಕಚೇರಿಗೆ ಸಂಬಂಧಿಸಿದ್ದು, ಸರ್ವರ್ ಇರುವ ಜಾಗಕ್ಕಲ್ಲ. ಎರಡೂ ಸಂಸ್ಥೆಗಳ ಪತ್ರ ಬೇರೆಬೇರೆ ಕೇಳಿ, ಜೊತೆಗೆ ಕ್ಲೌಡ್ ಕಂಪನಿ ಇವರಿಗೆ ಕೊಟ್ಟ ಅಧಿಕಾರ ಪತ್ರವನ್ನೂ.

ಡೇಟಾ ಭಾರತದೊಳಗೇ ಇರಬೇಕು. ಬ್ಯಾಕಪ್ ಮತ್ತು ಲಾಗ್‌ಗಳೂ (ಯಾರು ಯಾವಾಗ ಏನು ಮಾಡಿದರು ಎಂದು ಸರ್ವರ್ ಬರೆದಿಡುವ ದಾಖಲೆ) ಡೇಟಾವೇ. ಮುಖ್ಯ ಕೇಂದ್ರ, ಆಪತ್ಕಾಲದ ಕೇಂದ್ರ ಎರಡೂ ಒಂದೇ ಊರಲ್ಲಿ ಬೇಡ, ಬೇರೆ ಭೂಕಂಪ ವಲಯದಲ್ಲಿದ್ದರೆ ಒಳ್ಳೆಯದು. ಬೀದರ್‌ಗೆ ಹೈದರಾಬಾದ್ ಹತ್ತಿರ ಎಂದು ವೇಗ ಹೆಚ್ಚು ಎಂದುಕೊಳ್ಳಬೇಡಿ. ಡೇಟಾ ರಸ್ತೆಯ ಅಂತರ ನೋಡಿ ಓಡುವುದಿಲ್ಲ, ನಿಮ್ಮ ಲೈನ್‌ನವರು ಯಾವ ಊರಿನ ಮೂಲಕ ತಿರುಗಿಸುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ಬೆಳಿಗ್ಗೆ 11ಕ್ಕೆ, ಮಧ್ಯಾಹ್ನ 3ಕ್ಕೆ ನಿಮ್ಮ ಕಚೇರಿಯಿಂದಲೇ ಪಿಂಗ್ ಮಾಡಿ (ಸರ್ವರ್‌ಗೆ ಸಂಕೇತ ಹೋಗಿಬರುವ ಸಮಯ ನೋಡಿ) ಅಳೆಯಿರಿ.

## ಹಂತ 5: ಟೆಂಡರ್‌ನಲ್ಲಿ ಬರೆಯಬೇಕಾದ ಅಂಕಿಗಳು

ರಾಜ್ಯದ ಕಚೇರಿಗಳು ಸಾರ್ವಜನಿಕ ಖರೀದಿಯ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ರಾಜ್ಯದ ಖರೀದಿ ತಾಣ ಕೆಪಿಪಿಪಿ ಪೋರ್ಟಲ್‌ನಲ್ಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕೇಂದ್ರದ ಸಂಸ್ಥೆಗಳು ಕೇಂದ್ರದ ಖರೀದಿ ತಾಣ ಜೆಮ್‌ನಲ್ಲಿ ಖರೀದಿಸುತ್ತವೆ. ಪೋರ್ಟಲ್ ಯಾವುದಾದರೂ ಷರತ್ತು ಸ್ಪಷ್ಟವಿರಬೇಕು.

ಅಪ್‌ಟೈಮ್, ಅಂದರೆ ಸೇವೆ ನಿಲ್ಲದೆ ನಡೆಯುವ ಸಮಯ. ಶೇ 99.5 ಎಂದರೆ 30 ದಿನದ ತಿಂಗಳಲ್ಲಿ 3 ಗಂಟೆ 36 ನಿಮಿಷ ನಿಲ್ಲಬಹುದು, ಶೇ 99.9 ಎಂದರೆ ಸುಮಾರು 43 ನಿಮಿಷ. ಆದರೆ ಲೆಕ್ಕ ವರ್ಷಕ್ಕೆ ಎಂದು ಬರೆದುಬಿಟ್ಟರೆ ಶೇ 99.5ರಲ್ಲೇ ಒಟ್ಟು ಸುಮಾರು 44 ಗಂಟೆ ಬರುತ್ತದೆ, ಅಷ್ಟನ್ನೂ ಫಲಿತಾಂಶದ ವಾರದಲ್ಲಿ ಒಂದೇ ಸಲ ಬಳಸಿಕೊಂಡರೂ ದಂಡ ಹಾಕಲು ಬರುವುದಿಲ್ಲ. "ಪ್ರತಿ ತಿಂಗಳು, ಪ್ರತಿ ಸೇವೆಗೆ" ಎಂಬ ಮಾತು ಇರಲೇಬೇಕು.

ಹೊಣೆ ಹಂಚಿಕೆ. ಬರೀ ಸರ್ವರ್ ಬಾಡಿಗೆಗೆ ಪಡೆದರೆ ಅದರ ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್ ನಿಮ್ಮ ಹೊಣೆ. ಕ್ಲೌಡ್‌ನಲ್ಲಿದೆ, ಬ್ಯಾಕಪ್ ಅವರೇ ಇಟ್ಟಿರುತ್ತಾರೆ ಎಂಬ ನಂಬಿಕೆ ಬಹಳ ಕಚೇರಿಗಳಿಗೆ ಕೈಕೊಟ್ಟಿದೆ. ಕ್ಲೌಡ್ ಕಂಪನಿ, ಸೇವಾದಾರ, ಕಚೇರಿ ಎಂದು ಮೂರು ಕಾಲಂ ಮಾಡಿ ಪ್ರತಿ ಕೆಲಸಕ್ಕೂ ಒಂದೇ ಕಡೆ ಗುರುತು ಹಾಕಿ. ಎರಡು ಕಡೆ ಗುರುತು ಬಿದ್ದ ಕೆಲಸ ಯಾರೂ ಮಾಡುವುದಿಲ್ಲ.

ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಕೆಲಸ ಹೊರಗಿನವರಿಗೆ ಒಪ್ಪಿಸಿದರೂ ಹೊಣೆ ಮಾಹಿತಿ ಸಂಗ್ರಹಿಸಿದವರದೇ. ಭದ್ರತೆಯಲ್ಲಿ ಲೋಪವಾದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

ನಿರ್ಗಮನ. ಈ ನಾಲ್ಕು ಸಾಲು ಹಾಗೆಯೇ ಸೇರಿಸಿ: ಡೇಟಾದ ಒಡೆತನ ಕಚೇರಿಯದು. ಗುತ್ತಿಗೆ ಮುಗಿದ ಮೇಲೂ 45 ದಿನ, ಲಿಖಿತ ಅನುಮತಿಯಿಲ್ಲದೆ ಏನನ್ನೂ ಅಳಿಸಬಾರದು. ಡೇಟಾವನ್ನು ಹಂತ 3ರ ರೂಪದಲ್ಲಿ, ಕಾಲಂ ವಿವರಣೆ ಸಹಿತ ಕೊಡಬೇಕು. ಹೊರತೆಗೆಯುವ ದರ ಪ್ರತಿ ಜಿಬಿಗೆ ಎಷ್ಟು ಎಂದು ಹಣಕಾಸು ಬಿಡ್‌ನಲ್ಲೇ ನಮೂದಿಸಬೇಕು. ಕೊನೆಯದನ್ನು ಬಿಟ್ಟರೆ, ಒಳಗೆ ಹಾಕಲು ಉಚಿತ ಎಂದವರು ಹೊರತೆಗೆಯಲು ಹೇಳಿದ ಬೆಲೆಯೇ ಬೆಲೆ.

## ಹಂತ 6: ಖಾತೆ ಮತ್ತು ಬೀಗದ ಕೈ

ಮುಖ್ಯ ಖಾತೆಯನ್ನು ಸೇವಾದಾರರ ಹುಡುಗ ತನ್ನ ಜಿಮೇಲ್‌ನಲ್ಲಿ ತೆರೆದುಕೊಡುವುದು ಈಗಲೂ ನಡೆಯುತ್ತಿದೆ. ಆತ ಕೆಲಸ ಬಿಟ್ಟ ದಿನ ಕಚೇರಿಗೆ ತನ್ನದೇ ಡೇಟಾ ಪರಕೀಯ. ಒಟಿಪಿ ಅಧಿಕಾರಿಯ ಸ್ವಂತ ಮೊಬೈಲ್‌ಗೆ ಹೋಗುವಂತಿದ್ದರೆ ವರ್ಗಾವಣೆ ಹಂಗಾಮಿನಲ್ಲಿ ಅದೇ ಪಾಡು.

1. ಮುಖ್ಯ ಖಾತೆ ಹುದ್ದೆಯ ಇ-ಮೇಲ್‌ನಲ್ಲಿ, ಒಟಿಪಿ ಕಚೇರಿಯ ಸಿಮ್‌ಗೆ.
2. ಎರಡು ಹಂತದ ದೃಢೀಕರಣ ಎಲ್ಲರಿಗೂ. ತುರ್ತು ಕೋಡ್‌ಗಳನ್ನು ಮುದ್ರಿಸಿ, ಲಕೋಟೆಗೆ ಸೀಲ್ ಹಾಕಿ ತಿಜೋರಿಯಲ್ಲಿಡಿ.
3. ನಿತ್ಯದ ಕೆಲಸಕ್ಕೆ ಮುಖ್ಯ ಖಾತೆ ಬಳಸಬೇಡಿ. ಒಬ್ಬೊಬ್ಬರಿಗೂ ಬೇರೆ ಲಾಗಿನ್, ಬೇಕಾದಷ್ಟೇ ಅಧಿಕಾರ.
4. ಡೇಟಾ ಗೂಢಲಿಪಿಯಲ್ಲಿರಲಿ: ಸಂಗ್ರಹದಲ್ಲಿ ಎಇಎಸ್-256, ಸಾಗಣೆಯಲ್ಲಿ ಟಿಎಲ್‌ಎಸ್ 1.2 ಅಥವಾ ಮೇಲಿನದು. ಗೂಢಲಿಪಿಯ ಕೀಲಿ ಕಚೇರಿಯ ಹಿಡಿತದಲ್ಲಿರಲಿ.
5. ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಕ್ಲೌಡ್ ಖಾತೆಯನ್ನೂ ಸೇರಿಸಿ, ಹೊಸಬರು ಲಾಗಿನ್ ಆಗಿ ನೋಡಿದ ಮೇಲೆಯೇ ಸಹಿ.

## ಹಂತ 7: ಸಾಗಿಸುವುದು

ಮೊದಲು ಲೆಕ್ಕ. 100 ಎಂಬಿಪಿಎಸ್ ಲೈನ್ ಪೂರ್ತಿ ಸಿಕ್ಕರೂ 2 ಟಿಬಿ ಹೋಗಲು 44 ಗಂಟೆ ಬೇಕು. ವಾಸ್ತವದಲ್ಲಿ ಶೇ 60 ಸಿಕ್ಕರೆ 74 ಗಂಟೆ. ಹಗಲು ಕಚೇರಿ ಕೆಲಸಕ್ಕೆ ಬಿಟ್ಟು ರಾತ್ರಿ 12 ಗಂಟೆ ಮಾತ್ರ ಕಳಿಸಿದರೆ ಆರೇಳು ರಾತ್ರಿ. ಅಪ್‌ಲೋಡ್ ವೇಗ ಡೌನ್‌ಲೋಡ್‌ನಷ್ಟೇ ಇದೆಯೇ ಎಂದೂ ಕೇಳಿ. ನಡುವೆ ಕರೆಂಟ್ ಹೋದರೆ ನಿಂತಲ್ಲಿಂದ ಮುಂದುವರಿಯುವ ಸಾಧನವನ್ನೇ ಬಳಸಿ, ಮಾರ್ಚ್‌ನಿಂದ ಮೇ ತನಕ ಈ ಎಚ್ಚರ ಇನ್ನೂ ಹೆಚ್ಚಿರಲಿ.

1. ಪೂರ್ತಿ ಬ್ಯಾಕಪ್ ತೆಗೆದು ಎರಡೂ ಡಿಸ್ಕ್‌ಗಳಿಗೆ ಹಾಕಿ, ಪ್ರತಿ ಕಡತದ ಎಸ್‌ಎಚ್‌ಎ-256 ಮೊತ್ತ (ಕಡತ ಒಂದಿಷ್ಟು ಬದಲಾದರೂ ಬದಲಾಗುವ ಗುರುತು ಸಂಖ್ಯೆ) ಬರೆದಿಡಿ.
2. ಹಳೆಯದು ನಡೆಯುತ್ತಿರುವಾಗಲೇ ಪ್ರತಿಯನ್ನು ಕ್ಲೌಡ್‌ಗೆ ಕಳಿಸಿ, ಅಲ್ಲಿ ಮೊತ್ತ ತಾಳೆ ನೋಡಿ.
3. ಪ್ರತಿ ಟೇಬಲ್‌ನ ಸಾಲುಗಳ ಸಂಖ್ಯೆ ಎರಡೂ ಕಡೆ ಹೋಲಿಸಿ. ಹಂತ 2ರ ಪರೀಕ್ಷಾ ಪದಗಳನ್ನು ಹುಡುಕಿ.
4. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಮಾನ್ಯತೆಯ ಪರಿಶೋಧಕರಿಂದ ತಂತ್ರಾಂಶದ ಭದ್ರತಾ ಪರಿಶೀಲನೆ ಮಾಡಿಸಿ. ಅವರು ತೋರಿಸಿದ ದೋಷ ಸರಿಪಡಿಸಿ, ಮರುಪರಿಶೀಲನೆಯ ಪತ್ರ ಬರುವ ತನಕ ಸಾರ್ವಜನಿಕರಿಗೆ ತೆರೆಯಬೇಡಿ.
5. ಬದಲಾವಣೆಗೆ ಎರಡು ದಿನ ಮುಂಚೆ ಡಿಎನ್‌ಎಸ್‌ನ (ಜಾಲತಾಣದ ಹೆಸರಿನಿಂದ ಸರ್ವರ್ ವಿಳಾಸ ಹುಡುಕುವ ವ್ಯವಸ್ಥೆ) ಟಿಟಿಎಲ್ ಅನ್ನು, ಅಂದರೆ ಹಳೆಯ ವಿಳಾಸ ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡ್‌ಗೆ ಇಳಿಸಿ. ಇಲ್ಲದಿದ್ದರೆ ಅರ್ಧ ಜನ ಹಳೆಯ ಸರ್ವರ್‌ಗೆ, ಅರ್ಧ ಜನ ಹೊಸದಕ್ಕೆ ನಮೂದು ಹಾಕುತ್ತಾರೆ, ಆಮೇಲೆ ಬೇರ್ಪಡಿಸುವುದು ದೊಡ್ಡ ತಲೆನೋವು.
6. ಎರಡನೇ ಅಥವಾ ನಾಲ್ಕನೇ ಶನಿವಾರ ಹಳೆಯದರಲ್ಲಿ ನಮೂದು ನಿಲ್ಲಿಸಿ, ಉಳಿದ ಬದಲಾವಣೆ ಕಳಿಸಿ, ಹೊಸದನ್ನು ತೆರೆಯಿರಿ. ಮಾರ್ಚ್ ಕೊನೆ ಬೇಡ.
7. ಹಳೆಯ ಸರ್ವರ್ ಓದಲು ಮಾತ್ರ ಬರುವಂತೆ 30 ದಿನ ಇರಲಿ.

ಕಚೇರಿಗೆ ಲೈನ್ ಎರಡಿರಲಿ. ರಾಜ್ಯ ಸರ್ಕಾರದ ನೆಟ್‌ವರ್ಕ್ ಕೆಸ್ವಾನ್ ಇದ್ದರೆ ಇನ್ನೊಂದು ಬೇರೆ ಕಂಪನಿಯದು. ಎರಡೂ ಕೇಬಲ್ ಒಂದೇ ಕಂಬದ ಮೇಲೆ ಬಂದಿದ್ದರೆ ರಸ್ತೆ ಅಗಲ ಮಾಡುವವರು ಎರಡನ್ನೂ ಒಟ್ಟಿಗೇ ಕತ್ತರಿಸುತ್ತಾರೆ. ಎರಡನೆಯದು ಸಿಮ್ ಮೇಲೆ ನಡೆಯುವ ರೂಟರ್ ಆದರೆ ಆ ಚಿಂತೆಯಿಲ್ಲ.

## ಹಂತ 8: ಗಡಿಯಾರ, ಲಾಗ್, ಆರು ಗಂಟೆ

2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನ ಸರ್ಕಾರಿ ಸಂಸ್ಥೆಗಳಿಗೂ ಕಂಪನಿಗಳಿಗೂ ಅನ್ವಯ. ಅದರಲ್ಲಿ ನಿಮಗೆ ಮುಖ್ಯವಾದವು ಮೂರು.

ಸರ್ವರ್‌ಗಳ ಸಮಯ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ತಾಳೆಯಾಗಬೇಕು. ಗಡಿಯಾರ ನಾಲ್ಕು ನಿಮಿಷ ಹಿಂದಿದ್ದರೆ ಯಾರು ಯಾವಾಗ ನುಗ್ಗಿದರು ಎಂಬ ಲೆಕ್ಕವೇ ಹಳಿ ತಪ್ಪುತ್ತದೆ.

ಲಾಗ್‌ಗಳನ್ನು ಕನಿಷ್ಠ 180 ದಿನ ಭಾರತದಲ್ಲಿ ಇಡಬೇಕು. ವೈಯಕ್ತಿಕ ಮಾಹಿತಿ ಇರುವ ವ್ಯವಸ್ಥೆಗೆ ಒಂದು ವರ್ಷ ಇಡಿ. ಕ್ಲೌಡ್ ಸೇವೆಗಳಲ್ಲಿ ಲಾಗ್ ತಾನಾಗಿಯೇ ಉಳಿಯುವ ಅವಧಿ ಇದಕ್ಕಿಂತ ಕಡಿಮೆ ಇರಬಹುದು, ಅವಧಿಯನ್ನು ನೀವೇ ಹೊಂದಿಸಬೇಕು. ಲಾಗ್ ಅದೇ ಸರ್ವರ್‌ನಲ್ಲಿ ಬೇಡ, ನುಗ್ಗಿದವರು ಮೊದಲು ಅಳಿಸುವುದು ಅದನ್ನೇ.

ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು. ಉಚಿತ ಸಹಾಯವಾಣಿ 1800-11-4949. ಪೂರ್ತಿ ತನಿಖೆಯಾಗಲಿ ಎಂದು ಕಾಯಬೇಡಿ, ಗೊತ್ತಿರುವಷ್ಟು ಮೊದಲು ಕಳಿಸಿ, ಉಳಿದದ್ದು ಆಮೇಲೆ. ಶನಿವಾರ ರಾತ್ರಿ ಕಡತ ಮಂಡಿಸಿ ಅನುಮೋದನೆ ಪಡೆಯಲು ಆಗದು, ಆದ್ದರಿಂದ ವರದಿ ಮಾಡುವ ಅಧಿಕಾರವನ್ನು ಎರಡು ಹುದ್ದೆಗಳಿಗೆ ಮುಂಚಿತವಾಗಿಯೇ ಆದೇಶದಲ್ಲಿ ಕೊಟ್ಟಿರಿ. ಸೇವಾದಾರರು ನಿಮಗೆ ಒಂದು ಗಂಟೆಯೊಳಗೆ ತಿಳಿಸಬೇಕು ಎಂಬುದು ಗುತ್ತಿಗೆಯಲ್ಲಿರಲಿ.

ಅನುಮಾನಪಡಬೇಕಾದ ಗುರುತುಗಳು: ರಾತ್ರಿ ಎರಡು ಗಂಟೆಗೆ ಲಾಗಿನ್, ಯಾರೂ ಕೇಳದ ಹೊಸ ಬಳಕೆದಾರ, ತಿಂಗಳ ಬಿಲ್ ಒಮ್ಮೆಲೇ ಏರುವುದು, ಬ್ಯಾಕಪ್ ಗಾತ್ರ ಹಠಾತ್ ಕುಗ್ಗುವುದು.

## ಹಂತ 9: ವರ್ಷಕ್ಕೊಮ್ಮೆ ಹೊರತೆಗೆದು ನೋಡಿ

ಪ್ರತಿ ವರ್ಷ ಕೆಲಸ ಕಡಿಮೆ ಇರುವ ತಿಂಗಳಲ್ಲಿ ಪೂರ್ತಿ ಡೇಟಾ ಇಳಿಸಿ, ಆ 16 ಜಿಬಿ ಕಂಪ್ಯೂಟರ್‌ನಲ್ಲಿ ಡೇಟಾಬೇಸ್ ಕೂರಿಸಿ, ತಂತ್ರಾಂಶ ಓಡಿಸಿ. ಎಷ್ಟು ಗಂಟೆ ಹಿಡಿಯಿತು, ಯಾವ ಕೀಲಿ ಸಿಗಲಿಲ್ಲ, ಯಾವ ಚಿತ್ರ, ಪಿಡಿಎಫ್ ತೆರೆಯಲಿಲ್ಲ ಎಂದು ಬರೆದು ಕಡತಕ್ಕೆ ಸೇರಿಸಿ. ಬ್ಯಾಕಪ್ ಯಶಸ್ವಿ ಎಂಬ ಹಸಿರು ಗುರುತನ್ನು ಇದಕ್ಕೆ ಬದಲಾಗಿ ಒಪ್ಪಬೇಡಿ, ಅದು ನಕಲು ಆಯಿತು ಎನ್ನುತ್ತದೆ, ತೆರೆಯುತ್ತದೆ ಎನ್ನುವುದಿಲ್ಲ.

ಗುತ್ತಿಗೆ ಮುಗಿಯುವ ಆರು ತಿಂಗಳ ಮುಂಚೆ ಹೊಸ ಟೆಂಡರ್ ಕೆಲಸ ಶುರುವಾಗಲಿ. ಹೊಸ ಜಾಗದಲ್ಲಿ ಹಂತ 7ರ ತಾಳೆ ಮುಗಿದ ಮೇಲಷ್ಟೇ ಹಳೆಯ ಕಂಪನಿಗೆ ಅಳಿಸಲು ಲಿಖಿತ ಅನುಮತಿ ಕೊಡಿ. ಮುಖ್ಯ ಕೇಂದ್ರ, ಆಪತ್ಕಾಲದ ಕೇಂದ್ರ, ಬ್ಯಾಕಪ್, ಲಾಗ್ ಎಲ್ಲದರ ಹೆಸರು ಹೇಳಿ ಅಳಿಸಿದ ಪ್ರಮಾಣಪತ್ರ ಪಡೆಯಿರಿ. ಆದರೆ 180 ದಿನ ತುಂಬದ ಲಾಗ್‌ಗಳನ್ನು ಮೊದಲು ನಿಮ್ಮ ಡಿಸ್ಕ್‌ಗೆ ಇಳಿಸಿಕೊಳ್ಳಿ. ಕೊನೆಯ ಬಿಲ್ ಆ ಪ್ರಮಾಣಪತ್ರ ಬಂದ ಮೇಲೆ ಪಾಸಾಗಲಿ.